ತಂತಿ ಕಚೇರಿಯ ಊರಿನಲ್ಲಿ ಬಂಧುಬಳಗದ ಬಾನುಲಿ

ಆಸ್ಟ್ರೇಲಿಯಾದ ಭೂಪಟದ ನಟ್ಟನಡುವೆ ಬೆರಳಿಟ್ಟರೆ ಸಿಗುವ ಊರು ಆಲಿಸ್ ಸ್ಪ್ರಿಂಗ್ಸ್. ಉತ್ತರದ ಡಾರ್ವಿನ್, ದಕ್ಷಿಣದ ಅಡಿಲೇಡ್ ಎರಡೂ ಇಲ್ಲಿಂದ ಸುಮಾರು 1500 ಕಿ.ಮೀ. ದೂರ. ಊರಿಗೊಂದು ನದಿಯೂ ಉಂಟು, ಹೆಸರು ಟಾಡ್. ವರ್ಷದ ಬಹುಪಾಲು ಅದರಲ್ಲಿ ಕಾಣುವುದು ಬರೀ ಮರಳು.

ಊರಾಚೆ ಕಲ್ಲಿನ ಹಳೆಯ ತಂತಿ ಕಚೇರಿಯಿದೆ. 1872ರಲ್ಲಿ ಈ ತಂತಿ ಮಾರ್ಗ ಪೂರ್ಣಗೊಂಡಾಗ ಅಡಿಲೇಡಿನ ಸುದ್ದಿ ಜಾವಾ, ಸಿಂಗಪುರ, ನಮ್ಮ ಮದರಾಸುಗಳನ್ನು ಹಾಯ್ದು ಲಂಡನ್ ಮುಟ್ಟತೊಡಗಿತು. ಆದರೆ ಸಾವಿರಾರು ವರ್ಷಗಳಿಂದ ಈ ನೆಲದಲ್ಲೇ ಬಾಳಿದ ಅರಂಡ ಜನರ ಮಾತು ಆ ತಂತಿಯಲ್ಲಿ ಹರಿಯಲಿಲ್ಲ. 1932ರಿಂದ 1942ರವರೆಗೆ ಸರಕಾರ ಅದೇ ಕಟ್ಟಡಗಳಲ್ಲಿ ಮೂಲನಿವಾಸಿ ತಾಯಂದಿರ ಮಿಶ್ರ ಸಂತತಿಯ ಮಕ್ಕಳನ್ನು ಇರಿಸಿತ್ತು. ಅವರಲ್ಲಿ ಎಷ್ಟೋ ಮಂದಿ ತಾಯಿಯ ಮಡಿಲಿನಿಂದ ಕಿತ್ತು ತಂದವರು.

ಅಲ್ಲಿ ಎಳವೆ ಕಳೆದವರಲ್ಲಿ ಫ್ರೀಡಾ ಗ್ಲಿನ್ ಒಬ್ಬರು. 1980ರಲ್ಲಿ ಅವರು ಜಾನ್ ಮಕುಂಬಾ, ಫಿಲಿಪ್ ಬ್ಯಾಟಿ ಜೊತೆಗೂಡಿ ‘ಕಾಮಾ’ ಎಂಬ ಮಾಧ್ಯಮ ಸಂಘ ಕಟ್ಟಿದರು. ಮೊದಮೊದಲು ಪರರ ಬಾನುಲಿಯಲ್ಲಿ ಸಿಕ್ಕಷ್ಟೇ ಹೊತ್ತು. ದೂರದ ಹಾಡಿಗಳಿಗೆ ಕ್ಯಾಸೆಟ್ಟುಗಳೇ ಗತಿ. 1985ರಲ್ಲಿ ಸ್ವಂತ ಕೇಂದ್ರ ‘8 ಕಿನ್’ ದನಿಯೆತ್ತಿತು. ಮೂಲನಿವಾಸಿಗಳೇ ಒಡೆಯರಾದ, ಆ ದೇಶದ ಮೊದಲ ಬಾನುಲಿ ಅದು. ‘ಕಿನ್’ ಎಂದರೆ ಇಂಗ್ಲಿಷಿನಲ್ಲಿ ಬಂಧುಬಳಗ. ಹೆಸರು ಚೆನ್ನಾಗಿ ಒಪ್ಪಿತು.

ಅರಂಡ, ವಾರ್ಲ್ಪಿರಿ, ಲುರಿಚಾ, ಪಿಚಂಚಚಾರಾ ಮಾತುಗಳು ಗಾಳಿಯಲ್ಲಿ ತೇಲಿಬಂದವು. ಅಜ್ಜಿಯ ಬಾಯಲ್ಲಿ ಮಾತ್ರ ಕೇಳಿದ ನುಡಿ ಪೆಟ್ಟಿಗೆಯೊಳಗಿಂದ ಕೇಳಿಸಿದರೆ ಶಾಲೆಗೆ ಹೋಗುವ ಮಗುವಿಗೆ ಅದರ ಬೆಲೆಯೇ ಬೇರೆಯಾಗುತ್ತದೆ. ಆ ನುಡಿಯಲ್ಲೂ ಸುದ್ದಿ ಹೇಳಬಹುದು, ರಾಕ್ ಹಾಡಬಹುದು ಎಂಬುದು ಪಾಠ ಮಾಡದೆಯೇ ತಿಳಿಯುತ್ತದೆ.

ಬಾನುಲಿಯ ಯಂತ್ರ ಹೊರಗಿನದು, ಕಟ್ಟುಪಾಡು ಮಾತ್ರ ಮನೆಯದು. ಸತ್ತವರ ಹೆಸರೆತ್ತುವುದು, ಅವರ ದನಿ ಕೇಳಿಸುವುದು ಈ ಜನರಲ್ಲಿ ನಿಷಿದ್ಧ. ಹಾಡುಗಾರ ತೀರಿಕೊಂಡನೆಂದರೆ, ಎಷ್ಟೇ ಜನಪ್ರಿಯನಾಗಿರಲಿ, ಅವನ ಹಾಡು ಪಕ್ಕಕ್ಕಿಡಬೇಕು. ಮತ್ತೆ ಯಾವಾಗ ಹಾಕಬಹುದೆಂದು ಹೇಳಬೇಕಾದವರು ಅವನ ಮನೆಯವರು.

ಈ ಕೇಂದ್ರದ ಒಂದು ಕೋರಿಕೆ ಕಾರ್ಯಕ್ರಮದ ಹೆಸರು ‘ಗ್ರೀನ್ ಬುಷ್’. ನಮ್ಮ ಆಕಾಶವಾಣಿಯ ಕೋರಿಕೆಯಂತೆಯೇ, ಆದರೆ ಇಲ್ಲಿ ಹಾಡು ಹೊರಟದ್ದು ಸೆರೆಮನೆಗೆ. ಒಳಗಿರುವ ಮಗನಿಗೆ, ಗಂಡನಿಗೆ, ತಮ್ಮನಿಗೆ ಮನೆಯವರು ಹೆಸರು ಹೇಳಿ ಹಾಡು ಕಳಿಸುತ್ತಿದ್ದರು. ಫ್ರೀಡಾ ಅವರ ಮಗ ವಾರ್ವಿಕ್ ಥಾರ್ನ್‌ಟನ್ ಹರೆಯದಲ್ಲಿ ಈ ಬಾನುಲಿಯಲ್ಲಿ ದುಡಿದವರು. 2005ರಲ್ಲಿ ಅವರು ಅದೇ ಹೆಸರಿನ ಕಿರುಚಿತ್ರ ಮಾಡಿದರು. ಅದರ ನಾಯಕ ರಾತ್ರಿ ಪಾಳಿಯ ಬಾನುಲಿ ನಿರೂಪಕ. ಹಾಡು ಹಾಕುವುದಷ್ಟೇ ಅವನ ಕೆಲಸ, ಆದರೆ ನೆರಳು ಬೇಡಿ ಬಂದವರಿಗೆಲ್ಲ ಅವನು ಬಾಗಿಲನ್ನೂ ತೆರೆಯಬೇಕಾಗುತ್ತದೆ.