ಬೆಳೆಗೂ ಟಾನಿಕ್ಕು!

ಸೊರಗಿದ ಮಕ್ಕಳಿಗೆ ಟಾನಿಕ್ಕು ಕುಡಿಸುವುದು ನಮಗೆಲ್ಲ ಗೊತ್ತು. ಈಗ ಬೆಳೆಗೂ ಟಾನಿಕ್ಕು ಬಂದಿದೆ. ಹಾನಗಲ್ಲಿನ ನನ್ನ ತವರಿನಲ್ಲಿ ಭತ್ತಕ್ಕೆ, ಸವಣೂರಿನ ತಂಗಿಯ ಮನೆಯಲ್ಲಿ ಮೆಣಸಿನಗಿಡಕ್ಕೆ, ಶಿಗ್ಗಾವಿಯ ಬೀಗರಲ್ಲಿ ಹತ್ತಿಗೆ, ಹಿರೇಕೆರೂರಿನ ನಮ್ಮ ಗೋವಿನಜೋಳಕ್ಕೆ, ಎಲ್ಲೆಲ್ಲೂ ಒಂದೊಂದು ಬಾಟಲಿ. ಇದು ಗಂಡಸರ ಮಾತು ಅನ್ನಬೇಡಿ. ಎಕರೆಗೆ ಸುಮಾರು 200 ಲೀಟರು ನೀರು ಬೇಕು. 16 ಲೀಟರಿನ ಪಂಪಾದರೆ ಹನ್ನೆರಡು-ಹದಿಮೂರು ಸಲ ತುಂಬಬೇಕು. ಆ ಕೊಡ ಹೊರುವವರು ಯಾರು? ನಾವೇ ತಾನೆ! ನಮ್ಮ ಮನೆಯಲ್ಲಂತೂ ಬಾಟಲಿಯ ದುಡ್ಡೂ ನನ್ನ ಎಮ್ಮೆಯ ಹಾಲಿನದು.

2023ರ ಬರದಲ್ಲಿ ಗೋವಿನಜೋಳ ಮೊಣಕಾಲೆತ್ತರದಲ್ಲೇ ಎಲೆ ಸುರುಳಿ ಸುತ್ತಿ ನಿಂತಿತ್ತು. "ಇದನ್ನ ಹೊಡೀರಿ, ಮಳಿ ಇಲ್ದಿದ್ರೂ ಬೆಳಿ ಬರ್ತೈತಿ" ಎಂದು ಅಂಗಡಿಯಲ್ಲಿ ಯಾರೋ ನಮ್ಮ ಮನೆಯವರಿಗೆ ಹೇಳಿದ್ದರು. ಮಳೆಯಿಲ್ಲದೆ ಬೆಳೆ ಬರುವುದಾದರೆ ನಾವೇಕೆ ಮೋಡ ನೋಡುತ್ತ ಕೂಡಬೇಕು? ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ಸಮುದ್ರದ ಪಾಚಿಯ ಸಾರವಂತೆ. ಗೊಬ್ಬರವಲ್ಲ, ಕೀಟನಾಶಕವೂ ಅಲ್ಲ. ಬೇರು ಚುರುಕಾಗಲು, ಒಣಹವೆಯನ್ನು ಗಿಡ ತುಸು ತಾಳಿಕೊಳ್ಳಲು ನೆರವು, ಅಷ್ಟೆ. ಅನ್ನ ಕಾಣದ ಕೂಸಿಗೆ ಟಾನಿಕ್ಕು ಕುಡಿಸಿದರೆ ಏನು ಬಂತು? ನೆಲದಲ್ಲಿ ಹಸಿಯೂ ಬೇಕು, ತಿಪ್ಪೆಗೊಬ್ಬರವೂ ಬೇಕು.

ಇಂಥ ಜೈವಿಕ ಉತ್ತೇಜಕಗಳನ್ನು ಕೇಂದ್ರ ಸರಕಾರ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿತು. ಆದ್ದರಿಂದ ಒಳಗೇನಿದೆ, ಎಷ್ಟು ಬೆರೆಸಬೇಕು ಎಂಬುದನ್ನು ಚೀಟಿಯಲ್ಲಿ ನೋಡಿಯೇ ಕೊಳ್ಳಬೇಕು, ರಸೀದಿಯನ್ನೂ ಕೇಳಬೇಕು. ಅನುಮಾನವಿದ್ದರೆ ನಮ್ಮ ಜಿಲ್ಲೆಯಲ್ಲಿ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ.

"ಹೊಡಿಯೋದಾದ್ರ ಹೊಡೀರಿ, ಆದ್ರ ನಾಕು ಸಾಲು ಹಂಗ ಬಿಡ್ರಿ" ಅಂದೆ. ಅವರು ನಕ್ಕರು, ಆದರೆ ಬಿಟ್ಟರು. ಸಣ್ಣ ಮಳೆಯೊಂದು ಬಿದ್ದ ಮೇಲೆ ಬೆಳಗಿನ ತಂಪಿನಲ್ಲಿ ಹೊಡೆದದ್ದು. ಉರಿಬಿಸಿಲಿನಲ್ಲಿ ಹನಿ ಎಲೆಯ ಮೇಲೇ ಆರಿಹೋಗುತ್ತದೆ, ಬಾಡಿದ ಗಿಡ ತನ್ನ ಎಲೆಯ ರಂಧ್ರಗಳನ್ನೂ ಮುಚ್ಚಿಕೊಂಡಿರುತ್ತದೆ. ಅಳೆಯಲು ಅಡಿಗೆಮನೆಯ ಚಮಚ ಕೇಳಿದರು, ನಾನು ಕೊಡಲಿಲ್ಲ! ಬಾಟಲಿಯ ಮುಚ್ಚಳ ಮತ್ತೇಕಿದೆ?

ಎರಡು ವಾರ ಕಳೆದು ಹೋಗಿ ನೋಡಿದೆವು. ಕೆಳಗಿನ ಎರೆಯಲ್ಲಿ, ಹಸಿ ನಿಂತ ಕಡೆ, ಹೊಡೆದ ಸಾಲು ಬಿಟ್ಟ ಸಾಲಿಗಿಂತ ಹಸಿರಾಗಿತ್ತು. ಮೇಲಿನ ಮಸಾರಿ ದಿನ್ನೆಯಲ್ಲಿ ಹೊಡೆದದ್ದೂ ಬಿಟ್ಟದ್ದೂ ಒಂದೇ ತರಹ ಒಣಗಿತ್ತು. ನಮ್ಮ ಮನೆಯವರು ಬಹಳ ಹೊತ್ತು ಸುಮ್ಮನೆ ನಿಂತರು.

ಆಮೇಲಿನ ವರ್ಷದಿಂದ ದಿನ್ನೆಗೆ ಬಾಟಲಿ ತರುವುದನ್ನು ಬಿಟ್ಟೆವು. ಆ ದುಡ್ಡು, ಜತೆಗೆ ನನ್ನ ಹಾಲಿನ ದುಡ್ಡು, ಬದು ಹಾಕಿಸಲು ಹೋಯಿತು. ಕೆಳಗಿನ ಹೊಲಕ್ಕೆ ಮಾತ್ರ ಈಗಲೂ ಒಂದು ಬಾಟಲಿ ತರುತ್ತೇವೆ, ನಾಕು ಸಾಲು ಬಿಟ್ಟು ಹೊಡೆಯುತ್ತೇವೆ.