ಕುಡಿದವರು ಯಾರು?

ನಮ್ಮಪ್ಪ ಸಾಹುಕಾರರ ಎತ್ತಿನ ಗಾಡಿ ಹೊಡೆದವನು. ಅಣ್ಣ ಅದೇ ತೋಟದ ಜೀಪು ಓಡಿಸುತ್ತಾನೆ. ನಾನು ಬಿ.ಎ. ಮುಗಿಸಿ, ಪದ್ಯ ಬರೆದುಕೊಂಡು, ಕೆಲಸ ಹುಡುಕುತ್ತಿದ್ದೇನೆ. ಊರಿಗೆ ಹೋದಾಗ ಅಣ್ಣನ ಕೈಗೆ ಸ್ಪ್ಯಾನರ್ ಎತ್ತಿಕೊಡುವುದೇ ನನ್ನ ಉದ್ಯೋಗ.

ಆ ಜೀಪಿಗೆ ನನಗಿಂತ ವಯಸ್ಸು ಜಾಸ್ತಿ. ಬೆಳಿಗ್ಗೆ 12 ಹೆಣ್ಣಾಳುಗಳನ್ನು ತುಂಬಿಕೊಂಡು ತೋಟಕ್ಕೆ ಇಳಿಯುತ್ತದೆ. ಅವರಲ್ಲಿ ನಮ್ಮವ್ವನೂ ಒಬ್ಬಳು. 2023ರ ಡಿಸೆಂಬರ್, ಕಾಫಿ ಕೊಯ್ಲಿನ ಕಾಲ. ಇಳಿಜಾರಿನ ಕೊನೇ ತಿರುವಿನಲ್ಲಿ ಅಣ್ಣ ಒತ್ತಿದ ಬ್ರೇಕ್ ಪೆಡಲು ಸುಮ್ಮನೆ ನೆಲಕ್ಕೆ ಕೂತಿತು. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ರೇಕು ಸರಿಯಾಗೇ ಇತ್ತು! "ನೀನೇ ಕುಡ್ದಿದ್ದೆ ಕಣೋ" ಅಂದರು ಸಾಹುಕಾರರು. ಅಣ್ಣ ಕುಡಿಯುವವನಲ್ಲ.

ಗೆಳೆಯರೇ, ಕುಡಿದದ್ದು ಬ್ರೇಕ್ ಆಯಿಲ್. ಅದು ಹೆಸರಿಗಷ್ಟೇ ಆಯಿಲ್. ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರುವುದು ಅದರ ಗುಣ. ಉಪ್ಪೇ ನೀರಾಗುವ ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕೆ? ಡಾಟ್ 3 ಎಂದು ಬರೆದ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೂರಕ್ಕೆ 3.7 ಪಾಲು ನೀರು ಸೇರಿತೋ, 140ಕ್ಕೇ ಕುದಿಯಬಹುದು. ಇಳಿಜಾರಿನಲ್ಲಿ ಬ್ರೇಕು ತುಳಿದೂ ತುಳಿದೂ ಡ್ರಮ್ಮು ಕಾಯುತ್ತದೆ, ಒಳಗಿನದು ಆವಿಯಾಗುತ್ತದೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಕಾಲಿನ ಬಲ ಚಕ್ರಕ್ಕೆ ತಲುಪುವುದೇ ಇಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವ. ಸಾಕ್ಷಿ ಮಾಯ.

"ಬದಲಾಯ್ಸಿ ಎಷ್ಟ್ ವರ್ಷ ಆಯ್ತಣ್ಣ?"

"ಬದಲಾಯ್ಸೋದಾ? ಕಮ್ಮಿಯಾದ್ರೆ ಮೇಲಿಂದ ಒಂಚೂರು ಹುಯ್ಯೋದು, ಅಷ್ಟೆಯ."

ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಾಯಿಸಬೇಕು. ಸಾಹುಕಾರರು ದುಡ್ಡು ಬಿಚ್ಚಲಿಲ್ಲ. ಅವ್ವನ ಚೀಟಿ ದುಡ್ಡಿನಲ್ಲಿ ಸೀಲು ಒಡೆಯದ ಒಂದು ಲೀಟರ್ ತಂದೆವು.

ಭಾನುವಾರ ಕೂತೆವು. ಮಾಸ್ಟರ್ ಸಿಲಿಂಡರಿನ ಡಬ್ಬದಲ್ಲಿದ್ದ ಹಳೇದನ್ನು ಹೀರಿ ತೆಗೆದು ಹೊಸದು ತುಂಬಿಸಿದೆವು. ಅದಕ್ಕೆ ಅತಿ ದೂರದ್ದು ಹಿಂದಿನ ಎಡಗಡೆ ಚಕ್ರ, ಅಲ್ಲಿಂದ ಶುರು. ನಿಪ್ಪಲ್ಲಿಗೊಂದು ಪೈಪು, ಅದರ ತುದಿ ಒಂಚೂರು ಹೊಸ ಆಯಿಲ್ ಹಾಕಿದ ಬಾಟಲಿಯಲ್ಲಿ ಮುಳುಗಿರಬೇಕು. ನಾನು ಪೆಡಲಿನ ಮೇಲೆ, ಅಣ್ಣ ಜೀಪಿನ ಅಡಿಗೆ.

"ಒತ್ಲಾ. ಹಂಗೇ ಹಿಡ್ಕ." ನಿಪ್ಪಲ್ ಸಡಿಲಿಸುತ್ತಾನೆ, ಕಾಲು ಕೆಳಕ್ಕಿಳಿಯುತ್ತದೆ. "ಬಿಗಿ ಮಾಡೋಗಂಟ ಕಾಲೆತ್ಬ್ಯಾಡ!" ಎತ್ತಿದರೆ ಗಾಳಿ ಒಳಗೆ. ಮೇಲಿನ ಡಬ್ಬ ಖಾಲಿಯಾದರೂ ಅದೇ ಗತಿ. ಮೊದಲು ಬಂದದ್ದು ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪು, ಆಮೇಲೆ ಗುಳ್ಳೆ, ಆಮೇಲೆ ತಿಳಿ. ನಾಲ್ಕು ಚಕ್ರ ಮುಗಿಯುವಾಗ ಮಧ್ಯಾಹ್ನ. ಪೆಡಲು ಕಲ್ಲಿನಂತೆ ನಿಂತಿತು.

ಬ್ರೇಕ್ ಆಯಿಲ್ ಚೆಲ್ಲಿದರೆ ಜೀಪಿನ ಬಣ್ಣ ತಿನ್ನುತ್ತದೆ, ಕೂಡಲೇ ನೀರು ಹುಯ್ಯಬೇಕು. ಸಾಹುಕಾರರ ಅಂಗಳದ ನಲ್ಲಿಯನ್ನು ನಾವು ಮುಟ್ಟುವ ಹಾಗಿಲ್ಲ. ಕೇರಿಯಿಂದ ಒಂದು ಕೊಡ ಮೊದಲೇ ಹೊತ್ತು ತಂದಿಟ್ಟಿದ್ದೆ.

ಆ ಕಪ್ಪು ಬಾಟಲಿಯನ್ನು ಅಣ್ಣ ಎಸೆಯಲಿಲ್ಲ. ಸಾಹುಕಾರರ ಜಗಲಿಯ ಕೆಳಗಿಟ್ಟು, "ಕುಡ್ದಿದ್ದು ನಾನಲ್ಲ ಸ್ವಾಮಿ, ಇದು" ಅಂದ. ಅವರು ಬಾಟಲಿ ನೋಡಿದರು, ಅಣ್ಣನನ್ನು ನೋಡಲಿಲ್ಲ. ಅವ್ವನ ದುಡ್ಡು ಇನ್ನೂ ಬಂದಿಲ್ಲ.