ಮಾತು ಬಾರದ ರೋಗಿಯ ಪಕ್ಕದಲ್ಲಿ

ಮಕ್ಕಳೇ, ಹೊಟ್ಟೆ ನೋವು ಬಂದರೆ ನೀವು ಅಮ್ಮನಿಗೆ ಹೇಳುತ್ತೀರಿ. ಎಲ್ಲಿ ನೋವು, ಯಾವಾಗಿನಿಂದ ಎಂದು ಡಾಕ್ಟರು ಕೇಳಿದರೆ ಉತ್ತರ ಕೊಡುತ್ತೀರಿ. ನಾಯಿ, ಬೆಕ್ಕುಗಳಿಗೆ ಈ ಅನುಕೂಲವಿಲ್ಲ. ಅವುಗಳ ಪರವಾಗಿ ಉತ್ತರಿಸಬೇಕಾದವರು ಸಾಕಿದವರೇ. ಕೆಲವು ದೇಶಗಳಲ್ಲಿ ಪ್ರಾಣಿಗಳ ಶುಶ್ರೂಷೆಗೆಂದೇ ತರಬೇತಿ ಪಡೆದ ದಾದಿಯರಿದ್ದಾರೆ. ನಮ್ಮ ಕಾರವಾರ, ಅಂಕೋಲಾ ಕಡೆಯ ಹಳ್ಳಿಗಳಲ್ಲಿ ಪಶುವೈದ್ಯರು ಚಿಕಿತ್ಸೆ ಕೊಟ್ಟ ಮೇಲೆ ದಾದಿಯ ಕೆಲಸ ಮನೆಯವರದೇ. ಅದು ಎಷ್ಟು ದೊಡ್ಡ ಕೆಲಸ ಎಂಬುದನ್ನು ನಾನು ಕಣ್ಣಾರೆ ಕಂಡೆ.

ನಾನು ಅಂಕೋಲಾ ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ. ಜುಲೈ ತಿಂಗಳು, ಜೋರು ಮಳೆಯೆಂದು ಶಾಲೆಗೆ ರಜೆ ಕೊಟ್ಟಿದ್ದರು. ಐದನೇ ತರಗತಿಯ ಹುಡುಗಿಯೊಬ್ಬಳು ಅಳುತ್ತ ನಮ್ಮ ಮನೆಗೆ ಬಂದಳು. "ಅಕ್ಕೋರೆ, ನಿನ್ನೆ ಒಂದು ಮರಿ ಸತ್ತುಹೋಯ್ತು. ಈಗ ಗುಂಡನೂ ವಾಂತಿ ಮಾಡ್ತಿದ್ದಾನೆ, ನೀರೂ ಕುಡೀತಿಲ್ಲ" ಎಂದಳು. ಗುಂಡ ಮೂರು ತಿಂಗಳ ನಾಯಿಮರಿ. ಅವಳ ತಂದೆ ಅದನ್ನು ಗೋಣಿಯಲ್ಲಿ ಸುತ್ತಿಕೊಂಡರು. ಎಲ್ಲರೂ ಪಶು ಆಸ್ಪತ್ರೆಗೆ ಹೋದೆವು.

"ಮರಿಯನ್ನು ಯಾವುದಾದರೂ ನಾಯಿ ಕಚ್ಚಿತ್ತೇ?" ಇದು ವೈದ್ಯರ ಮೊದಲ ಪ್ರಶ್ನೆ. ರೇಬೀಸ್ ಇರಬಹುದೇ ಎಂದು ತಿಳಿಯಲು ಹಾಗೆ ಕೇಳುತ್ತಾರೆ. ಕಚ್ಚಿರಲಿಲ್ಲ. ಪರೀಕ್ಷಿಸಿ, ಇದು ಪಾರ್ವೊ ಎಂದರು. 1978ರ ಸುಮಾರಿಗೆ ಹೊಸದಾಗಿ ಕಾಣಿಸಿಕೊಂಡು ಜಗತ್ತಿನಾದ್ಯಂತ ಹರಡಿದ ವೈರಸ್ ರೋಗವಿದು. ವೈರಸ್ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ವಾಂತಿ, ಭೇದಿಯಲ್ಲಿ ದೇಹದ ನೀರೆಲ್ಲ ಹೋಗುತ್ತದೆ. ಜಖಂಗೊಂಡ ಕರುಳಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ. ಅವುಗಳಿಗೆಂದು ಇಂಜೆಕ್ಷನ್ ಕೊಡುತ್ತಾರೆ. ಹೋದ ನೀರನ್ನು ತುಂಬುತ್ತ ದೇಹವೇ ವೈರಸ್ಸನ್ನು ಗೆಲ್ಲುವವರೆಗೆ ಮರಿಯನ್ನು ಉಳಿಸಿಕೊಳ್ಳಬೇಕು.

ಎಷ್ಟು ನೀರು ತುಂಬಬೇಕು? ಗುಂಡನ ತೂಕ 4 ಕಿಲೋ. ತೂಕದ ಶೇಕಡಾ 8ರಷ್ಟು ನೀರು ಹೋಗಿದೆ ಎಂದು ವೈದ್ಯರು ಅಂದಾಜಿಸಿದರು. ಅಂದರೆ 320 ಮಿಲಿ ಲೀಟರ್. ಅದನ್ನು 8 ಗಂಟೆಯಲ್ಲಿ ಕೊಡಬೇಕಾದರೆ ಗಂಟೆಗೆ 40 ಮಿಲಿ ಲೀಟರ್. ಆ ಸಲೈನ್ ಕೊಳವೆಯಲ್ಲಿ 20 ಹನಿಗೆ 1 ಮಿಲಿ ಲೀಟರ್. ಹಾಗಾದರೆ ನಿಮಿಷಕ್ಕೆ ಸುಮಾರು 13 ಹನಿ! ಹೆಚ್ಚು ವೇಗವಾಗಿ ಹರಿಸಿದರೆ ಪುಟ್ಟ ಹೃದಯ, ಶ್ವಾಸಕೋಶಗಳಿಗೆ ಅಪಾಯ. ಹುಡುಗಿ ಗಡಿಯಾರ ನೋಡುತ್ತ ಹನಿ ಎಣಿಸಿದಳು. ನಾನು ಕಲಿಸಿದ ಶೇಕಡಾ ಲೆಕ್ಕ ಅಲ್ಲಿ ಜೀವ ಉಳಿಸುವ ಲೆಕ್ಕವಾಗಿತ್ತು.

ಮನೆಯಲ್ಲಿ ಮರಿಯನ್ನು ಬೆಚ್ಚಗಿಡಬೇಕು, ಮೈ ಒರೆಸಿ ಒಣಗಿಸಬೇಕು, ಆಗಾಗ ಮಗ್ಗುಲು ಬದಲಿಸಬೇಕು. ಅದಲ್ಲದೆ ವೈದ್ಯರು ಎರಡು ಪರೀಕ್ಷೆ ಹೇಳಿಕೊಟ್ಟರು. ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರೆ ಅದು ಕೂಡಲೇ ಮೊದಲಿನಂತಾಗಬೇಕು. ನಿಧಾನವಾದರೆ ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದು ತಿಳಿಯಬಹುದು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಇಲ್ಲದಿದ್ದರೆ ರಕ್ತ ಸರಿಯಾಗಿ ಹರಿಯುತ್ತಿಲ್ಲ. ತಂದೆ ಪರೀಕ್ಷೆ ಮಾಡುತ್ತಿದ್ದರು, ಮಗಳು ಬರೆಯುತ್ತಿದ್ದಳು.

ಮೂರನೆಯ ದಿನ ವಾಂತಿ ನಿಂತಿತು. ಗುಣವಾಯಿತು, ಇನ್ನು ಆಸ್ಪತ್ರೆ ಬೇಡ ಎಂದರು ಮನೆಯವರು. ಆದರೆ ಅವಳ ಪಟ್ಟಿಯಲ್ಲಿ "ಭೇದಿ ನಾಲ್ಕು ಸಲ, ಚರ್ಮ ನಿಧಾನ" ಎಂದಿತ್ತು. ಅದನ್ನು ಓದಿದ ವೈದ್ಯರು ಮತ್ತೆ ಸಲೈನ್ ಹಾಕಿದರು. ಐದನೆಯ ದಿನ ಗುಂಡ ಎರಡು ಚಮಚ ತೆಳು ಗಂಜಿ ನೆಕ್ಕಿ ಬಾಲ ಆಡಿಸಿತು.

ಇಷ್ಟು ಆರೈಕೆ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ. ಆದ್ದರಿಂದ ಆರೆಂಟು ವಾರಕ್ಕೇ ಮೊದಲ ಲಸಿಕೆ, ಮುಂದೆ ವೈದ್ಯರು ಹೇಳಿದಷ್ಟು ಸಲ ಮತ್ತೆ ಹಾಕಿಸುವುದೇ ಜಾಣತನ. ಕೊರೊನಾ ವೈರಸ್ಸಿಗಿರುವ ಕೊಬ್ಬಿನ ಹೊದಿಕೆ ಪಾರ್ವೊಗೆ ಇಲ್ಲ. ಹಾಗಾಗಿ ಅದು ಸೋಪಿಗೆ ಸಾಯದು, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮರಿ ಮಲಗಿದ ನೆಲವನ್ನು ತೊಳೆದ ಮೇಲೆ ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸಬೇಕು. ನಾಯಿಯ ಪಾರ್ವೊ ಮನುಷ್ಯರಿಗೆ ಅಂಟುವುದಿಲ್ಲ. ಆದರೂ ಕೈ ತೊಳೆಯುವುದನ್ನು ಬಿಡಬೇಡಿ.

ಇನ್ನೆರಡು ಮಾತು ನೆನಪಿಡಿ. ನಮ್ಮ ಜ್ವರದ ಮಾತ್ರೆಯನ್ನು ಪ್ರಾಣಿಗಳಿಗೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲದು. ಗುರುತಿಲ್ಲದ ನಾಯಿಯನ್ನು ಮುಟ್ಟಬೇಡಿ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ.

ಮಾಡಿ ನೋಡಿ: ನಿಮ್ಮ ಮನೆಯ ಆರೋಗ್ಯವಂತ ನಾಯಿ ಮಲಗಿದ್ದಾಗ ಅದರ ಹೊಟ್ಟೆ ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು ದೂರದಿಂದಲೇ ಎಣಿಸಿ. ಒಂದು ವಾರ ಬರೆದಿಡಿ. ಅದು ಕಾಯಿಲೆ ಬಿದ್ದ ದಿನ ವೈದ್ಯರಿಗೆ ಹೇಳಲು ನಿಮ್ಮ ಬಳಿ ಉತ್ತರವಿರುತ್ತದೆ.